ಹೊಸಬರನ್ನು ಕಂಡು ಅಳುವ ವಯಸ್ಸು

"ನಿನ್ನ ಕೂಸೆಲ್ಲಿ ಬಿಟ್ಟು ಬಂದಿ?"

ಸುರಪುರ ತಾಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿ ಹಾಜರಾದ ಮೊದಲ ಬೆಳಿಗ್ಗೆ, ಯಾರೂ ಇನ್ನೂ ನನ್ನ ಹೆಸರು ಕೂಡ ಕೇಳಿರಲಿಲ್ಲ, ಈ ಪ್ರಶ್ನೆ ಬಂದು ಎದೆಗೆ ಬಡಿಯಿತು. ಕೇಳಿದವಳು ದೇವಾಪುರದಿಂದ ಮೊಮ್ಮಗಳಿಗೆ ಲಸಿಕೆ ಹಾಕಿಸಲು ಬಂದಿದ್ದ ಮಾನಮ್ಮ. ಲಸಿಕೆಯ ದಿನವೆಂದರೆ ಒಂದು ಕೂಸು ಸೂಜಿ ಚುಚ್ಚಿಸಿಕೊಂಡು ಅಳುತ್ತದೆ, ಇನ್ನೊಂದು ಆ ಅಳು ಕೇಳಿಯೇ ಅಳುತ್ತದೆ. ವರಾಂಡದ ತುಂಬ ಅದೇ ಗಲಾಟೆ. ಹಾಲೂಡಿಸುವ ತಾಯಿಯ ಮೈಗೆ ಅಳುತ್ತಿರುವುದು ಯಾರ ಮಗು ಎಂಬ ವಿಚಾರಣೆ ಬೇಕಿಲ್ಲ. ನನ್ನ ಯೂನಿಫಾರ್ಮಿನ ಎದೆ ಒದ್ದೆಯಾಗಿತ್ತು. ಲಸಿಕೆಯ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು, ಯಾರಿಗೂ ಕಂಡಿಲ್ಲವೆಂದು ನಂಬಿಕೊಂಡಿದ್ದೆ. ಆ ಮುದುಕಿ ಎಲ್ಲರ ಎದುರು, ಸಂತೆಯಲ್ಲಿ ಮೆಣಸಿನಕಾಯಿಯ ದರ ಕೇಳುವ ಗಂಟಲಿನಲ್ಲಿ ಕೇಳಿಬಿಟ್ಟಳು.

"ಊರಲ್ಲಿದ್ದಾಳೆ," ಅಂದೆ.

"ಯಾವೂರು?"

"ಮಳವಳ್ಳಿ. ಮಂಡ್ಯ ಜಿಲ್ಲೆ, ಮೈಸೂರಿನ ಕಡೆ."

"ಯವ್ವಾ! ಅಷ್ಟ್ ದೂರ ಮೊಲಿ ಕುಡಿಯೋ ಕೂಸು ಬಿಟ್ಟು ಹೆಂಗರ ಬಂದೀಯವಾ? ನಿನ್ನ ಕಳ್ಳು ಹೆಂಗ ತಡೀತು?"

ಕಳ್ಳು ಎಂದರೆ ಇಲ್ಲಿ ಕರುಳು. ನಮ್ಮ ಕಡೆಯವರು ಇಂಥದ್ದನ್ನು ಕೇಳುವುದಿಲ್ಲವೆಂದಲ್ಲ, ನಾವು ಬೆನ್ನು ತಿರುಗಿಸಿದ ಮೇಲೆ ಪಕ್ಕದ ಮನೆಯವರನ್ನು ಕೇಳುತ್ತಾರೆ. ಇಲ್ಲಿಯವರು ಮುಖಕ್ಕೇ ಕೇಳುತ್ತಾರೆ, ಕೇಳಿ ಅಲ್ಲಿಗೇ ಮರೆಯುತ್ತಾರೆ. ನಾನು ಮರೆಯುವ ಪೈಕಿಯಲ್ಲ. ಮೂಗಿನ ತುದಿಯಲ್ಲಿ ಸಿಟ್ಟಿಟ್ಟುಕೊಂಡು ಹುಟ್ಟಿದವಳು ನಾನು, ನಮ್ಮೂರಿನವರಿಗೆ ಅದನ್ನು ಹೊಸದಾಗಿ ಹೇಳಬೇಕಾಗಿಲ್ಲ. "ಮಗೂನ ಕೊಡಿ ಇತ್ಲಾಗೆ," ಎಂದು ಅವಳ ಮಡಿಲಿನಿಂದ ಕೂಸನ್ನು ಎತ್ತಿಕೊಂಡೆ.

ಕೂಸಿನ ಹೆಸರು ಭಾಗ್ಯಶ್ರೀ, ಮನೆಯಲ್ಲಿ ಭಾಗ್ಯಾ. ಎರಡೂವರೆ ತಿಂಗಳಾಗಿತ್ತು. ತೊಡೆಗೆ ಸೂಜಿ ಹೋಯಿತು. ಭಾಗ್ಯಾ ಕಟ್ಟಿದ ಗಂಟಲಿನಿಂದ ಒಂದು ಸಣ್ಣ ದನಿ ಹೊರಡಿಸಿ, ಮತ್ತೆ ಕಣ್ಣು ಮುಚ್ಚಿಕೊಂಡಳು. ಪಕ್ಕದಲ್ಲಿ ನಿಂತಿದ್ದ ತಾಯಿ ರೇಣುಕಾ ನಾಚಿಕೊಂಡೇ ಹೆಮ್ಮೆಪಟ್ಟಳು: "ನಮ್ಮಾಕಿ ಅಳೂದ ಇಲ್ರಿ ಸಿಸ್ಟರ್. ಯಾರರೆ ಎತ್ತಿಕೊಳ್ಳಿ, ಹೋಗ್ತಾಳ. ಭಾಳ ಶಾಣ್ಯಾ ಕೂಸು."

ಶಾಣ್ಯಾ ಎಂದರೆ ಜಾಣೆ. ವರಾಂಡದಲ್ಲಿ ಅಳದೆ ಇದ್ದ ಕೂಸು ಅದೊಂದೇ. ನನಗೆ ಅದರ ಜಾಣತನ ಹಿಡಿಸಲಿಲ್ಲ.

ನನ್ನ ಸಂಸಾರದ ಮಾತು ಒಂದಿಷ್ಟು ಹೇಳಿ ಮುಂದೆ ಹೋಗುತ್ತೇನೆ. ಸರ್ಕಾರಿ ಕೆಲಸ ಸಿಕ್ಕಿತು ಎಂದು ಕುಣಿದಾಡುವಷ್ಟರಲ್ಲಿ ಜಾಗ ಸುರಪುರ ಎಂದು ಬಂತು. ಮಗಳು ಪುಟ್ಟಿಗೆ ಆಗಿನ್ನೂ ಒಂಬತ್ತು ತಿಂಗಳು. ಗಂಡನಿಗೆ ಅಲ್ಲಿ ಸಕ್ಕರೆ ಕಾರ್ಖಾನೆಯ ಕೆಲಸ. ಗೊತ್ತಿಲ್ಲದ ಊರು, ಏಪ್ರಿಲ್ ಬಿಸಿಲು, ನಾನು ಡ್ಯೂಟಿಗೆ ಹೋದರೆ ಮಗುವನ್ನು ಹಿಡಿಯುವವರಿಲ್ಲ. "ನೀನ್ ಮೊದ್ಲು ಓಗಿ ನೆಲೆ ನೋಡ್ಕೊ ಕಣವ್ವ, ಮಗ ನನ್ ಅತ್ರ ಇರ್ಲಿ," ಎಂದರು ಅತ್ತೆ. ಒಪ್ಪದೆ ಬೇರೆ ದಾರಿ ಇರಲಿಲ್ಲ. ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದಾಗ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಶಹಾಪುರದ ಮೇಲೆ ಹೋಗುವ ಬಸ್ಸಿನಲ್ಲಿ ಕುಳಿತು, ಬಂಡೆಗಳ ಗುಡ್ಡ ನೋಡುತ್ತಾ, ಸೆರಗಿನೊಳಗೆ ಅಳುತ್ತಾ ಬಂದೆ. ಪಕ್ಕದ ಹೆಂಗಸು "ಯಾರ್ ಸತ್ತಾರ ತಂಗಿ?" ಎಂದು ಕೇಳಿದಳು. ಯಾರೂ ಸತ್ತಿಲ್ಲ ಎಂದದ್ದಕ್ಕೆ ಅರ್ಧ ಸೌತೆಕಾಯಿ ಮುರಿದು ಕೊಟ್ಟಳು.

ರಂಗಂಪೇಟೆಯಲ್ಲಿ ಒಂದು ಖೋಲಿ ಸಿಕ್ಕಿತು. ಖೋಲಿ ಎಂದರೆ ಕೋಣೆ. ಮನೆಯೊಡತಿ ಗುರುಬಾಯಿ, ಕಿರಾಣಿ ಅಂಗಡಿಯವರ ಮನೆಯಾಕೆ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಪ್ರಶ್ನೆ. ಮೊದಲ ದಿನ ಜೋಳದ ರೊಟ್ಟಿ, ಪುಂಡಿಪಲ್ಲೆ ಕಳಿಸಿದರು. ಪುಂಡಿಪಲ್ಲೆ ಒಂದು ಹುಳಿಸೊಪ್ಪಿನ ಪಲ್ಯ, ಖಾರ ನೆತ್ತಿಗೇರುತ್ತದೆ. ನಮ್ಮಲ್ಲಿ ಮುದ್ದೆಯನ್ನು ಬಸ್ಸಾರಿನಲ್ಲಿ ಅದ್ದಿ ನುಂಗಿಬಿಡುತ್ತೇವೆ, ಗಂಟಲಿಗೆ ಕೆಲಸವೇ ಇಲ್ಲ. ಇಲ್ಲಿ ರೊಟ್ಟಿ ಅಗಿಯಬೇಕು. ಒಬ್ಬಳೇ ಕುಳಿತು ಅಗಿಯುವ ಸದ್ದು ಖೋಲಿಯಲ್ಲಿ ನನಗೇ ಕೇಳುತ್ತಿತ್ತು. ಆ ಸದ್ದಿಗೆ ಬೇಸತ್ತು ಕೆಲವು ದಿನ ಬರೀ ಮೊಸರನ್ನ ತಿಂದೆ.

ಮಾತಿನ ಪಾಡು ಬೇರೆ. ನಾನು "ಸ್ವಲ್ಪ ಕೂತ್ಕೊಳ್ಳಿ, ಪ್ಲೀಸ್" ಎಂದರೆ ಇಲ್ಲಿಯವರು ನಗುತ್ತಿದ್ದರು, ಸಿನಿಮಾದವರ ಹಾಗೆ ಮಾತಾಡುತ್ತಾಳೆ ಎಂದು. ಅವರು "ಜಲ್ದಿ ಮಾಡ್ರಿ, ಟಂಟಂ ಹೋಗ್ತದ" ಎಂದರೆ ನನಗೆ ಜಗಳಕ್ಕೆ ಬಂದ ಹಾಗೆ ಕೇಳುತ್ತಿತ್ತು. ಟಂಟಂ ಎಂದರೆ ಹತ್ತಾರು ಜನರನ್ನು ತುಂಬಿಕೊಂಡು ಊರೂರು ಸುತ್ತುವ ಆಟೋ. ಅದು ಹೋಗಿಬಿಟ್ಟರೆ ಬಿಸಿಲಲ್ಲಿ ನಿಲ್ಲಬೇಕಾಗುತ್ತದೆ, ಅವರ ಅವಸರಕ್ಕೆ ಅಷ್ಟೇ ಕಾರಣ. ಮಾತ್ರೆಗೆ ಗುಳಿಗಿ, ಆಸ್ಪತ್ರೆಗೆ ದವಾಖಾನಿ, ಕತ್ತು ನಿಲ್ಲುವುದಕ್ಕೆ ಗೋಣು ನಿಲ್ಲುವುದು. ಕಲಿತೆ. ಆದರೆ ಕಲಿತ ಮಾತನ್ನು ಡ್ಯೂಟಿ ಮುಗಿದ ಮೇಲೆ ಆಡುವುದು ಯಾರ ಹತ್ತಿರ? ಸಂಜೆ ವಿಡಿಯೊ ಕಾಲ್ ಮಾಡಿದರೆ ಪುಟ್ಟಿ ಮೊದಮೊದಲು ಫೋನನ್ನೇ ನೆಕ್ಕುತ್ತಿದ್ದಳು. ಆಮೇಲೆ ನೆಕ್ಕುವುದೂ ನಿಂತು, ನನ್ನ ಮುಖವಿರುವ ಫೋನನ್ನು ಪಕ್ಕಕ್ಕೆ ತಳ್ಳಿ ಅಜ್ಜಿಯ ಕಿವಿಯ ಓಲೆಗೆ ಕೈ ಹಾಕುತ್ತಿದ್ದಳು. ಎದೆಹಾಲು ತಾನಾಗಿಯೇ ಇಂಗಿಹೋಯಿತು. ಅದು ನಿಂತ ದಿನ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ, ಅಯ್ಯೋ ಶಿವನೇ, ಖೋಲಿಯ ಬಾಗಿಲು ಹಾಕಿಕೊಂಡು ಅತ್ತೆ.

ಈಗ ಭಾಗ್ಯಾಳ ವಿಷಯ. ಎರಡೂವರೆ ತಿಂಗಳ ಕೂಸು ತಾಯಿಯ ಮುಖ ನೋಡಿ ನಗಬೇಕು, ಅಲ್ಲಾಡುವ ಬೆರಳಿನ ಹಿಂದೆ ಕಣ್ಣು ಹೊರಳಿಸಬೇಕು. ಇವಳು ಎರಡೂ ಮಾಡುತ್ತಿರಲಿಲ್ಲ. ನಾಲಗೆ ದಪ್ಪಗೆ ಹೊರಗೆ ಇಣುಕುತ್ತಿತ್ತು, ಹೊಕ್ಕುಳು ಉಬ್ಬಿತ್ತು, ಏಪ್ರಿಲ್ ಬಿಸಿಲಲ್ಲೂ ಮೈ ತಣ್ಣಗೆ. ಕೇಳಿದರೆ ಮೂರು ದಿನಕ್ಕೊಮ್ಮೆ ಕಕ್ಕ ಮಾಡುತ್ತಾಳೆ, ಹಾಲಿಗೂ ಎಬ್ಬಿಸಬೇಕು ಎಂದರು. ಡಾಕ್ಟರನ್ನು ಕರೆದು ತೋರಿಸಿದೆ. ಅವರು ಕಲಬುರಗಿಗೆ ರಕ್ತಪರೀಕ್ಷೆಗೆ ಕಳಿಸಿದರು. ಅನುಮಾನ ನಿಜವಾಗಿತ್ತು: ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿ ಕೆಲಸ ಮಾಡುತ್ತಿರಲಿಲ್ಲ. ಕೂಸಿನ ಮೈಯೂ ಮೆದುಳೂ ಬೆಳೆಯಲು ಆ ಗ್ರಂಥಿಯ ರಸ ಬೇಕು. ಅದಕ್ಕೆ ಬದಲಾಗಿ ದಿನವೂ ಒಂದು ಸಣ್ಣ ಮಾತ್ರೆ ಕೊಟ್ಟರೆ ಮಗು ಎಲ್ಲರ ಹಾಗೆ ಬೆಳೆಯುತ್ತದೆ. ಕೊಡದಿದ್ದರೆ, ಮೊದಲ ವರ್ಷಗಳಲ್ಲಿ ಬೆಳೆಯದ ಮೆದುಳನ್ನು ಆಮೇಲೆ ಯಾರೂ ಬೆಳೆಸಲಾರರು.

ರೇಣುಕಾಳನ್ನು ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಇಡೀ ಮಾತ್ರೆ, ಪುಡಿ ಮಾಡಿ, ಎರಡು ತೊಟ್ಟು ಎದೆಹಾಲಿನಲ್ಲಿ ಕಲಸಿ ಕುಡಿಸಬೇಕು, ಒಂದು ದಿನವೂ ತಪ್ಪಿಸಬಾರದು. ನರ್ಸಿಂಗ್ ಓದುವಾಗ ಕಲಿಸಿದಂತೆ ಅವಳ ಬಾಯಿಂದಲೇ ತಿರುಗಿ ಹೇಳಿಸಿದೆ. ತಪ್ಪಿಲ್ಲದೆ ಒಪ್ಪಿಸಿದಳು. ಮಾನಮ್ಮ ಹೊರಗೆ ಬೇವಿನ ಮರದ ನೆರಳಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದಳು.

ಒಂದೂವರೆ ತಿಂಗಳ ಮೇಲೆ ರಕ್ತ ಮತ್ತೆ ಪರೀಕ್ಷೆಗೆ ಹೋಯಿತು. ಹೆಚ್ಚೇನೂ ಬದಲಾಗಿರಲಿಲ್ಲ. ಭಾಗ್ಯಾ ಅದೇ ಜಾಣ ಕೂಸು. ಡಾಕ್ಟರು ತಲೆ ಕೆರೆದುಕೊಂಡು, "ಮಾತ್ರೆ ಸರಿಯಾಗಿ ಕೊಡ್ತಿದ್ದಾರಾ ಸಿಸ್ಟರ್?" ಎಂದರು. ನಾನು ರೇಣುಕಾಳಿಗೆ ಜೋರು ಮಾಡಿದೆ. ಅವಳ ಕಣ್ಣಲ್ಲಿ ನೀರು ತುಂಬಿತು. "ನಮ್ಮತ್ತಿ ಆಣಿ ಸಿಸ್ಟರ್, ಒಂದ್ ದಿನಾನೂ ಬಿಟ್ಟಿಲ್ರಿ. ಮುಂಜಾನಿ ಎದ್ದ ಕೂಡ್ಲೆ ಅವರ ಹಾಕ್ತಾರ್ರಿ."

ಅವರು ಹಾಕುತ್ತಾರೆ! ಆ ಮಾತು ಕಿವಿಗೆ ಬಿದ್ದದ್ದೇ ಅಂದು. ಮರುದಿನ ಬೆಳಿಗ್ಗೆ ಡ್ಯೂಟಿಗೆ ಮೊದಲು ಟಂಟಂ ಹತ್ತಿ ದೇವಾಪುರಕ್ಕೆ ಹೋದೆ.

ಮಾನಮ್ಮ ಕಾಲು ಚಾಚಿಕೊಂಡು ಕುಳಿತಿದ್ದಳು, ಕಾಲ ಮೇಲೆ ಭಾಗ್ಯಾ. ಪಕ್ಕದಲ್ಲಿ ಸಾಣೆಕಲ್ಲು, ಬಜೆಬೇರು, ಜಾಯಿಕಾಯಿ, ಅಳಲೆಕಾಯಿ. ಇಲ್ಲಿ ಇದನ್ನು ಗುಟ್ಟಿ ಎನ್ನುತ್ತಾರೆ. ತಾಯಿಯ ಹಾಲಿನಲ್ಲಿ ಒಂದೊಂದನ್ನೂ ಕಲ್ಲಿನ ಮೇಲೆ ಎರಡೆರಡು ಸುತ್ತು ತೇಯ್ದು ಕೂಸಿನ ನಾಲಗೆಗೆ ಹಾಕುವುದು. ನಮ್ಮ ಕಡೆಯೂ ಬಜೆ ತೇಯುತ್ತಾರೆ, ಅದರಲ್ಲಿ ನನಗೆ ಆಶ್ಚರ್ಯವಿರಲಿಲ್ಲ. ಆದರೆ ಮಾನಮ್ಮ ಎಲ್ಲಕ್ಕಿಂತ ಮೊದಲು ಸೆರಗಿನ ಗಂಟು ಬಿಚ್ಚಿ, ಸವೆದು ಕಾಳಿನಷ್ಟಾಗಿದ್ದ ಒಂದು ಬಿಳಿ ಚೂರನ್ನು ತೆಗೆದಳು. ಕಲ್ಲಿಗೆ ಹಾಲಿನ ತೊಟ್ಟು ಬಿಟ್ಟು ಆ ಚೂರನ್ನು ಬೆರಳ ತುದಿಯಲ್ಲಿ ಹಿಡಿದು ಎರಡು ಸುತ್ತು ತೇಯ್ದಳು. ಉಳಿದದ್ದನ್ನು ಒರೆಸಿ, ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಅದು ಥೈರಾಯ್ಡಿನ ಮಾತ್ರೆ. ಒಂದು ದಿನಕ್ಕೆ ಕೊಟ್ಟ ಗುಳಿಗೆ ವಾರ ಬಾಳುತ್ತಿತ್ತು.

ನನ್ನ ಸಿಟ್ಟು ನೆತ್ತಿಗೇರಿತು. "ಏನ್ ಮಾಡ್ತಿದ್ದೀರಾ ನೀವು? ಇಡೀ ಮಾತ್ರೆ ಕೊಡಿ ಅಂತ ಹೇಳಿರ್ಲಿಲ್ವಾ?"

"ಇಷ್ಟ ಸಣ್ಣ ಕೂಸಿಗೆ ಇಡೀ ಗುಳಿಗಿ?" ಮಾನಮ್ಮನೂ ಬಿಡಲಿಲ್ಲ. "ನಾನೂ ಆರು ಮಂದಿ ಹಡದೀನಿ. ದವಾಖಾನಿ ಔಷಧ ಅಂದ್ರ ಭಾಳ ಗರಂ. ಅದಕ್ಕ ಎರಡು ಸುತ್ತಿನಿಂದ ಚಾಲೂ ಮಾಡೀನಿ. ದೊಡ್ಡಾಕಿ ಆದಂಗ ಸುತ್ತು ಏರಿಸ್ತೀನಿ. ನಾ ಏನ್ ಮೊಮ್ಮಗಳಿಗೆ ವಿಷ ಹಾಕಾಕತ್ತೀನೇನು?"

ಅವಳ ಮಾತಿನಲ್ಲಿ ಲೆಕ್ಕ ತಪ್ಪಿರಲಿಲ್ಲ. ಬಜೆಗೆ ಆ ಲೆಕ್ಕ ಸರಿ, ಹೆಚ್ಚಾದರೆ ಕೂಸಿಗೆ ಕೆಡುಕು. ಈ ಮನೆಯಲ್ಲಿ, ಈ ಸೀಮೆಯ ಎಷ್ಟೋ ಮನೆಗಳಲ್ಲಿ, ಕೂಸಿನ ಬಾಯಿಗೆ ಔಷಧ ಹಾಕುವ ಕೈ ಅಜ್ಜಿಯದು. ನಾನು ಪಾಠ ಮಾಡಿದ್ದು ತಾಯಿಗೆ. ಸಿಟ್ಟು ಇಳಿದು ಹೆದರಿಕೆಯಾಯಿತು. ಕಳೆದ ದಿನಗಳು ಕಳೆದೇ ಹೋಗಿದ್ದವು. ನೆಲಕ್ಕೆ ಕುಳಿತೆ.

"ಆಯಿ," ಎಂದೆ. ಆಯಿ ಎಂದರೆ ಇಲ್ಲಿ ಅಜ್ಜಿ. "ಇದು ಬಜೆ ಹಂಗಲ್ಲ. ಇದು ಔಷಧಕ್ಕಿಂತ ಊಟ ಅನ್ಕೊಳ್ಳಿ. ಇವಳ ಮೈಯಲ್ಲಿ ಹುಟ್ಟಬೇಕಾದದ್ದು ಹುಟ್ಟುತ್ತಿಲ್ಲ, ಅದಕ್ಕೇ ಹೊರಗಿಂದ ಕೊಡಬೇಕು. ನೀವು ಎರಡು ಸುತ್ತು ಹಾಕಿದ್ರೆ ಇವಳ ಮೆದುಳಿಗೆ ದಿನಾ ಉಪವಾಸ. ಇವಳು ಅಳದೆ ಇರೋದು ಶಾಣ್ಯಾತನ ಅಲ್ಲ ಆಯಿ, ಶಕ್ತಿ ಇಲ್ಲ."

ಮಾನಮ್ಮ ಕೂಸಿನ ತಣ್ಣನೆಯ ಅಂಗಾಲು ಮುಟ್ಟಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. "ನಿನ್ನ ಕೂಸಿಗೆ ಹಿಂಗಾಗಿದ್ರ ಇಡೀದು ಕೊಡ್ತಿದ್ದಿಯೇನು? ಖರೇ ಹೇಳು."

"ಕೊಡ್ತಿದ್ದೆ. ಆದರೆ ಕೊಡೋಕೆ ಅವಳು ನನ್ನ ಹತ್ರ ಇಲ್ವಲ್ಲ ಆಯಿ." ಅಂಥ ಜಾಗದಲ್ಲಿ ಅಳಬಾರದೆಂದು ನಮಗೆ ಕಲಿಸಿದ್ದರು, ಆದರೂ ಅತ್ತೆ.

ಮಾನಮ್ಮ ಭಾಗ್ಯಾಳನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು. "ನೀನ ಹಾಕು. ನಿನ್ನ ಕೈಲೆ ಹಾಕು. ನಾ ನೋಡ್ತೀನಿ."

ಹೊಸ ಮಾತ್ರೆಯನ್ನು ಚಮಚದಲ್ಲಿ ಪುಡಿ ಮಾಡಿ, ರೇಣುಕಾ ಹಿಂಡಿಕೊಟ್ಟ ಹಾಲಿನಲ್ಲಿ ಕಲಸಿ, ಚಮಚಕ್ಕೆ ಅಂಟಿದ್ದನ್ನೂ ಇನ್ನೊಂದು ತೊಟ್ಟು ಹಾಲಿನಲ್ಲಿ ತೊಳೆದು ಕುಡಿಸಿದೆ. ಇಡೀ ಗುಳಿಗೆ ಹೋದದ್ದನ್ನು ಕಂಡು ಮಾನಮ್ಮ "ಯಪ್ಪಾ ಶಿವನ" ಎಂದು ಕಣ್ಣು ಮುಚ್ಚಿಕೊಂಡಳು. ಕೂಸಿಗೆ ಏನೂ ಆಗಲಿಲ್ಲ. ಗುಟ್ಟಿ ಬೇಕಾದರೆ ಸಂಜೆ ಹಾಕಿ, ಗುಳಿಗೆಯನ್ನು ಮಾತ್ರ ಕಲ್ಲಿಗೆ ಮುಟ್ಟಿಸಬೇಡಿ ಎಂದು ರಾಜಿಯಾಯಿತು. ಡಾಕ್ಟರಿಗೆ ನಡೆದದ್ದನ್ನು ಹೇಳಿದೆ, ಹಾಗಾದರೆ ಡೋಸ್ ಹೆಚ್ಚಿಸುವ ಅಗತ್ಯವಿಲ್ಲ ಎಂದರು. ಮಾನಮ್ಮನ ಕೈ ಆ ಚಮಚಕ್ಕೆ ಹೊಂದುವವರೆಗೆ ದಿನವೂ ಬೆಳಿಗ್ಗೆ ಹೋಗುತ್ತಿದ್ದೆ, ಹೊಂದಿದ ಮೇಲೂ ಹೋಗುತ್ತಿದ್ದೆ. ಕೆಲಸಕ್ಕೆಂದು ಹೇಳಿಕೊಳ್ಳುತ್ತಿದ್ದೆ. ಖಾಲಿ ಖೋಲಿಯಲ್ಲಿ ಕುಳಿತು ಚಹಾ ಕುಡಿಯುವುದಕ್ಕಿಂತ ಅವರ ಮನೆಯ ಹೊಗೆಯಲ್ಲಿ ಕುಳಿತು ಕುಡಿಯುವುದು ಹಿತವಾಗಿತ್ತು, ಅಷ್ಟೇ ನಿಜ.

ಕೆಲವು ವಾರಗಳಲ್ಲಿ ಭಾಗ್ಯಾ ಅಳಲು ಕಲಿತಳು. ಹಸಿವಾದರೆ ಅಳು, ಒದ್ದೆಯಾದರೆ ಅಳು, ಸುಮ್ಮನೆ ಅಳು. "ಏನ್ ಗುಳಿಗಿ ಕೊಟ್ಟೀಯವಾ, ಓಣಿ ಮಂದಿಗೆ ನಿದ್ದಿ ಇಲ್ಲ!" ಎಂದು ಮಾನಮ್ಮ ಬೈದಳು, ಬೈಯುತ್ತಲೇ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೈಗಿಟ್ಟಳು. ಆಮೇಲೆ ನಗು ಬಂತು, ಗೋಣು ನಿಂತಿತು, ಬೋರಲು ಬಿದ್ದಳು. ವಯಸ್ಸಿಗಿಂತ ಹಿಂದೆ ಇದ್ದಳು, ಇನ್ನೂ ಇದ್ದಾಳೆ; ಆ ಕಳೆದ ವಾರಗಳು ಏನನ್ನು ಒಯ್ದಿವೆಯೋ ಶಾಲೆಗೆ ಹೋಗುವವರೆಗೆ ಗೊತ್ತಾಗುವುದಿಲ್ಲ.

ಅತ್ತ ಮಳವಳ್ಳಿಯಲ್ಲಿ ಪುಟ್ಟಿ ಹೊಸ್ತಿಲು ದಾಟಿದಳಂತೆ. ಅತ್ತೆ ಕಾಯಿ ಒಡೆದು ಬೀದಿಗೆಲ್ಲ ಸಿಹಿ ಹಂಚಿದರಂತೆ. ನಾನು ಆ ಹೊತ್ತಿಗೆ ಯಾರದೋ ಮಗು ಯಾವ ತಿಂಗಳಲ್ಲಿ ಹೊಸ್ತಿಲು ದಾಟಬೇಕು ಎಂದು ತಾಯಂದಿರಿಗೆ ವಿವರಿಸುತ್ತಿದ್ದೆ. ಮಳೆ ಹಿಂದಾಗುತ್ತಿದ್ದ ಒಂದು ಭಾನುವಾರ ಗುರುಬಾಯಿ, "ಬೋನಾಳ ಕೆರಿಗೆ ಹೋಗಿ ಬರ್ರಿ, ದೂರದ ದೇಶದ ಹಕ್ಕಿ ಬಂದಾವ, ಮನಸಿಗೆ ಹಗುರ ಆಗ್ತೈತಿ," ಎಂದರು. ಹೋದೆ. ಅವು ಹಿಂಡುಹಿಂಡಾಗಿ ಕುಟುಂಬ ಸಮೇತ ಬಂದಿದ್ದವು. ಹೊಟ್ಟೆಯುರಿದು ವಾಪಸು ಬಂದೆ.

ಮಳೆಗಾಲದ ಜ್ವರದ ಕಾಲ ಮುಗಿಯುವವರೆಗೆ ರಜೆ ಸಿಗಲಿಲ್ಲ. ದೀಪಾವಳಿಗೆ ಸಿಕ್ಕಿತು. ಯಾದಗಿರಿಯಿಂದ ರೈಲು, ಬೆಂಗಳೂರಿನಿಂದ ಬಸ್ಸು. ಪುಟ್ಟಿಗೆಂದು ಸುರಪುರದ ಬಜಾರಿನಲ್ಲಿ ಗೆಜ್ಜೆ ಕೊಂಡಿದ್ದೆ. ಬಾಗಿಲಲ್ಲಿ ಅತ್ತೆಯ ಸೊಂಟದ ಮೇಲೆ ಅವಳಿದ್ದಳು, ಎಷ್ಟು ಉದ್ದವಾಗಿದ್ದಳು! ಬ್ಯಾಗು ಅಲ್ಲೇ ಎಸೆದು ಎರಡೂ ಕೈ ಚಾಚಿದೆ. ಪುಟ್ಟಿ ನನ್ನ ಮುಖವನ್ನು ನೋಡಿದಳು. ಕೆಳತುಟಿ ನಡುಗಿತು. ಆಮೇಲೆ ಬೀದಿಗೆಲ್ಲ ಕೇಳುವಂತೆ ಚೀರಿ, ಅತ್ತೆಯ ಕತ್ತನ್ನು ತಬ್ಬಿ ಮುಖ ಮುಚ್ಚಿಕೊಂಡಳು.

"ಅಯ್ಯೋ, ಯಾರ್ ಬಂದವ್ರೆ ನೋಡ್ ಮಗ, ನಿಮ್ಮವ್ವ ಕಣವ್ವ!" ಅತ್ತೆಗೆ ನನಗಿಂತ ಹೆಚ್ಚು ನಾಚಿಕೆಯಾಗಿತ್ತು. ಗಂಡ ಬ್ಯಾಗು ಎತ್ತಿಕೊಂಡು ಒಳಗೆ ಹೋದರು.

"ಪರವಾಗಿಲ್ಲ ಅತ್ತೆ," ಎಂದೆ. "ಈ ವಯಸ್ಸಲ್ಲಿ ಹೊಸಬರನ್ನ ಕಂಡ್ರೆ ಅಳಬೇಕು. ತನ್ನವರು ಯಾರು, ಹೊರಗಿನವರು ಯಾರು ಅಂತ ಗೊತ್ತಾಗ್ತಿದೆ ಅಂತ ಅರ್ಥ. ಮಗು ಚೆನ್ನಾಗಿ ಬೆಳೀತಿದೆ." ಲಸಿಕೆಯ ದಿನ ಪ್ರತಿ ತಾಯಿಗೂ ನಾನು ಹೇಳುವ ಮಾತು ಅದು. ಹೇಳಿ ಮುಗಿಸಿ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕುಳಿತೆ.

ರಜೆ ಮುಗಿಯುವ ಹೊತ್ತಿಗೆ ಪುಟ್ಟಿ ನನ್ನ ಮಡಿಲಿಗೆ ಬರುತ್ತಿದ್ದಳು, ಅತ್ತೆ ಕಣ್ಣೆದುರು ಇದ್ದರೆ ಮಾತ್ರ. ಬೇಸಿಗೆ ಕಳೆದ ಮೇಲೆ ಅವಳನ್ನು ನಾನಿರುವಲ್ಲಿಗೇ ಕರೆದೊಯ್ಯಬೇಕೆಂದು ಗಂಡ ಹೇಳುತ್ತಾರೆ. ಒಯ್ದರೆ ಅವಳು ಅಜ್ಜಿಗಾಗಿ ಅಳುತ್ತಾಳೆ, ಬಿಟ್ಟರೆ ನಾನು ಅಳುತ್ತೇನೆ. ವರ್ಗಾವಣೆ ಕೇಳು ಎನ್ನುತ್ತಾರೆ ಬಂಧುಗಳು. ಕೇಳುತ್ತೇನೆ. ಆದರೆ ಮುದ್ದೆಯ ಮುಂದೆ ಕುಳಿತಾಗ ಬಾಯಿ ಪುಂಡಿಪಲ್ಲೆ ಕೇಳಿತು ಎಂಬುದನ್ನೂ, "ಜಲ್ದಿ ಬಡಿಸ್ರಿ" ಎಂದು ನಾನು ಅಂದದ್ದಕ್ಕೆ ಮನೆಯವರೆಲ್ಲ ತಿರುಗಿ ನೋಡಿದರು ಎಂಬುದನ್ನೂ ನಿಮಗೆ ಹೇಳದಿದ್ದರೆ ಸುಳ್ಳಾಗುತ್ತದೆ.

ಡ್ಯೂಟಿಗೆ ಮರಳಿದ ವಾರವೇ ಭಾಗ್ಯಾಳನ್ನು ರಕ್ತಪರೀಕ್ಷೆಗೆ ಕರೆತಂದರು. ಹೊಸದಾಗಿ ಬಂದಿದ್ದ ಮಕ್ಕಳ ಡಾಕ್ಟರು ಅವಳನ್ನು ಎತ್ತಿಕೊಂಡರು. ಯಾರು ಎತ್ತಿಕೊಂಡರೂ ಸುಮ್ಮನಿರುತ್ತಿದ್ದ ಆ ಕೂಸು ಅವರ ಮುಖವನ್ನೇ ದಿಟ್ಟಿಸಿತು. ಕೆಳತುಟಿ ನಡುಗಿತು. ಭಾಗ್ಯಾ ದವಾಖಾನೆ ಹಾರಿಹೋಗುವಂತೆ ಚೀರಿದಳು, ಸುತ್ತ ನೋಡಿದಳು, ನನ್ನನ್ನು ಕಂಡು ಎರಡೂ ಕೈ ಚಾಚಿ ನನ್ನ ಮೇಲೆ ಬಿದ್ದಳು. ಯೂನಿಫಾರ್ಮಿನ ಕಾಲರನ್ನು ಮುಷ್ಟಿಯಲ್ಲಿ ಹಿಡಿದು ಕತ್ತಿನಲ್ಲಿ ಮುಖ ಹುದುಗಿಸಿದಳು.

"ಗುರ್ತು ಹಿಡದಾಳ ನೋಡು!" ಬಾಗಿಲಲ್ಲಿ ನಿಂತಿದ್ದ ಮಾನಮ್ಮ ಕೈ ತಟ್ಟಿದಳು. "ಮಂದಿ ಯಾರು, ನಮ್ಮಾಕಿ ಯಾರು, ತಿಳಿಯಾಕತ್ತೈತಿ ಇಕೀಗೆ." ಆಮೇಲೆ ಹತ್ತಿರ ಬಂದು, ಮೊದಲ ದಿನದ ಅದೇ ಗಂಟಲಿನಲ್ಲಿ ಕೇಳಿದಳು: "ಊರಿಗೆ ಹೋಗಿ ಬಂದೆಲ್ಲ, ನಿನ್ನ ಕೂಸು ಹೆಂಗೈತಿ?"

"ಚೆನ್ನಾಗಿ ಬೆಳೀತಿದ್ದಾಳೆ ಆಯಿ," ಎಂದೆ. "ಹೊಸಬರನ್ನ ಕಂಡ್ರೆ ಅಳ್ತಾಳೆ."

ಮಾನಮ್ಮ ನನ್ನ ಮುಖ ನೋಡಿದಳು. ಅವಳು ಮುಂದೇನೂ ಕೇಳದೆ ಇದ್ದದ್ದು ನಾನು ಕಂಡಂತೆ ಅದೇ ಮೊದಲು. ಹೊರಗೆ ಟಂಟಂನವನು ಜಲ್ದಿ ಬರ್ರಿ ಎಂದು ಕೂಗುತ್ತಿದ್ದ. ಮಾನಮ್ಮ ಅಲ್ಲೇ ನೆಲಕ್ಕೆ ಕುಳಿತು, ಎಲೆಯಡಿಕೆಯ ಚೀಲ ಬಿಚ್ಚಿದಳು. ಭಾಗ್ಯಾಳನ್ನು ನನ್ನ ತೋಳಿನಿಂದ ತೆಗೆದುಕೊಳ್ಳಲಿಲ್ಲ.